ದೀಪ ನೋಡಿ ಮರುಳಾಗಬೇಡಿ ಮಾರಾಯ್ರೆ

ಇಡಗುಂಜಿಯ ಮಹಾಗಣಪತಿ ನಿಂತ ದೇವರು. ಎರಡೇ ಕೈ, ಒಂದರಲ್ಲಿ ಮೋದಕ, ಒಂದರಲ್ಲಿ ಕಮಲ. ಸಂಕಷ್ಟಿಯ ದಿನ ಆತನನ್ನು ಕಾಣಲು ಬಂದವರು ಪಂಚಕಜ್ಜಾಯದ ಪೊಟ್ಟಣ ಹಿಡಿದು ಊರಿಗೆ ಮರಳುವ ದಾರಿಯಲ್ಲಿ ಒಂದು ಶಾಮಿಯಾನ-ಮೈಕ್ ಅಂಗಡಿ ಇದೆ ಎಂದುಕೊಳ್ಳಿ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ರಾಶಿ, ತಗಡಿನ ಹಾರ್ನು, ಹಳೆಯ ಆಹುಜಾ ಮಶಿನ್ನುಗಳು. ಅವುಗಳ ನಡುವೆ ಕಪ್ಪು ಬಟ್ಟೆ ಸುತ್ತಿಕೊಂಡು ಕೂತಿದೆ ಒಂದು ಮಾರ್ಷಲ್ ವಾಲ್ವ್‌ಸ್ಟೇಟ್ 8080 ಗಿಟಾರ್ ಆಂಪ್ಲಿಫೈಯರ್. ಬೆಂಗಳೂರಿನಲ್ಲಿ ಬ್ಯಾಂಡು ಕಟ್ಟಿದ್ದ ಹುಡುಗನೊಬ್ಬ ಮದುವೆಯಾದ ಮೇಲೆ ಊರಿಗೆ ತಂದು ಬಿಟ್ಟದ್ದು. ಕೊರಳಿಗೆ ರಟ್ಟಿನ ಬೋರ್ಡು: ‘ಒರಿಜಿನಲ್ ವಾಲ್ವ್ ಸೆಟ್, 20,000, ಚೌಕಾಸಿ ಇಲ್ಲ’. ಅಂಗಡಿಯ ಯಜಮಾನರು ಊಟಕ್ಕೆ ಹೋದ ಹೊತ್ತು ನೋಡಿ ಆ ಆಂಪ್ಲಿಫೈಯರನ್ನೇ ಮಾತಿಗೆಳೆದೆವು.

ನಮಸ್ಕಾರ. ತಮ್ಮ ಮನೆ ಎಲ್ಲಾಯ್ತು?

ಇಂಗ್ಲೆಂಡಿನ ಬ್ಲೆಚ್ಲಿ. ನಮ್ಮ ಮನೆತನದ ಮೂಲಪುರುಷ ಜಿಮ್ ಮಾರ್ಷಲ್ ಡ್ರಮ್ ಬಾರಿಸುತ್ತಿದ್ದವರು, ಡ್ರಮ್ ಕಲಿಸುತ್ತಿದ್ದವರು, ಡ್ರಮ್ ಮಾರುತ್ತಿದ್ದವರು. 1962ರಲ್ಲಿ ಆಂಪ್ಲಿಫೈಯರಿಗೆ ಕೈ ಹಾಕಿದರು. ಚಂಡೆಯವರ ಮನೆಯಲ್ಲಿ ಹುಟ್ಟಿದ ಕೂಸಿನ ದನಿ ಸಣ್ಣದಾಗಲು ಸಾಧ್ಯವೇ? ನಮ್ಮ ವಾಲ್ವ್‌ಸ್ಟೇಟ್ ಕವಲು ಮಾತ್ರ ಈಚಿನದು, 1990ರ ದಶಕದ್ದು.

ಗೋತ್ರ?

ಬಂತು ನೋಡಿ. ಬೆರಕೆ ಮಾರಾಯ್ರೆ, ಮುಚ್ಚಿಡುವುದೇನಿದೆ? ತಾಯಿಯ ಕಡೆ ಗಾಜು, ತಂದೆಯ ಕಡೆ ಸಿಲಿಕಾನ್. ಮುಂಭಾಗದಲ್ಲಿ, ಅಂದರೆ ಪ್ರೀಆಂಪ್‌ನಲ್ಲಿ, ದನಿಗೆ ಒಂದಿಷ್ಟು ಒಗರು ಹತ್ತಿಸಲು ಇಸಿಸಿ83 ಎಂಬ ಬೆರಳುದ್ದದ ಗಾಜಿನ ವಾಲ್ವ್. ಅಮೆರಿಕದವರು ಇದನ್ನೇ 12ಎಎಕ್ಸ್7 ಎನ್ನುತ್ತಾರೆ. ಆ ದನಿಯನ್ನು 80 ವ್ಯಾಟಿಗೆ ಏರಿಸಿ ಸ್ಪೀಕರಿಗೆ ನೂಕುವುದೆಲ್ಲ ಸಿಲಿಕಾನಿನ ಕೂಲಿ. ಇದಕ್ಕೆ ಉಲ್ಟಾ ಸಂಸಾರವೂ ಉಂಟು. 1970ರ ದಶಕದಲ್ಲಿ ಲಿಯೋ ಫೆಂಡರ್ ಅವರ ಮ್ಯೂಸಿಕ್ ಮ್ಯಾನ್ ಕಂಪನಿ ಮುಂದೆ ಟ್ರಾನ್ಸಿಸ್ಟರ್, ಹಿಂದೆ ದಪ್ಪದ ಪವರ್ ವಾಲ್ವ್ ಇಟ್ಟಿತು. ಅವರನ್ನೂ ಹೈಬ್ರಿಡ್ ಎನ್ನುತ್ತಾರೆ, ನನ್ನನ್ನೂ ಹೈಬ್ರಿಡ್ ಎನ್ನುತ್ತಾರೆ. ಯಾವ ಕೆಲಸ ಯಾರದ್ದು ಎಂದು ಮೊದಲು ಕೇಳಿಕೊಳ್ಳಿ. ಖರ್ಚಿನ ಲೆಕ್ಕ ಅಲ್ಲೇ ಬದಲಾಗುತ್ತದೆ.

ಬೋರ್ಡಿನಲ್ಲಿ ‘ಒರಿಜಿನಲ್ ವಾಲ್ವ್ ಸೆಟ್’ ಎಂದಿದೆಯಲ್ಲ?

ಸುಳ್ಳೆನ್ನಲಾರೆ. ವಾಲ್ವ್ ಇದೆ, ಒಂದು. ಯಕ್ಷಗಾನ ಆಟದ ಬ್ಯಾನರಿನ ತುಂಬ ಹೆಸರಾಂತ ಭಾಗವತರ ಫೋಟೋ ಹಾಕಿ, ಅವರು ಗಣಪತಿ ಸ್ತುತಿಯ ಒಂದು ಪದ್ಯ ಹೇಳಿ ಕಾರು ಹತ್ತಿದರೆ ಹೇಗೋ ಹಾಗೆ. ಬೆಳಗಿನ ತನಕ ಪದ್ಯ ಹೇಳಿದವರು ಬೇರೆ. ಅವರ ಫೋಟೋ ಎಲ್ಲಿಯೂ ಇಲ್ಲ.

ಇದುವರೆಗೆ ಎಂಥ ಗಿರಾಕಿಗಳು ಬಂದರು?

ಮೊದಲು ಬಂದವ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗ. ಬೆನ್ನ ಹಿಂದೆ ಬಗ್ಗಿ ‘ಗ್ಲೋ ಇದೆ, ಗ್ಲೋ ಇದೆ’ ಎಂದು ಫೋಟೋ ತೆಗೆದ. ವಾಲ್ವ್ ಕೆಂಪಗಾಗಿದೆ ಎಂದರೆ ಒಳಗಿನ ಹೀಟರ್ ತಂತಿ ತುಂಡಾಗಿಲ್ಲ ಎಂದಷ್ಟೇ ಅರ್ಥ. ದನಿ ಹೇಗಿದೆ ಎಂದು ಅದು ಹೇಳುವುದಿಲ್ಲ. ನಮ್ಮ ದೂರದ ನೆಂಟರಲ್ಲಿ ಕೆಲವರು ವಾಲ್ವಿನ ಅಡಿಗೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟುಕೊಂಡೇ ಮೆರೆಯುತ್ತಿದ್ದಾರೆ. ಅವರನ್ನು ಕಂಡಿದ್ದರೆ ಆ ಹುಡುಗ ಅಲ್ಲೇ ಅಡ್ಡ ಬೀಳುತ್ತಿದ್ದ.

ಆಮೇಲೆ ಯಾವುದೋ ಉತ್ಸವ ಸಮಿತಿಯವರು. ಮೈಕಿನ ವೈರು ತಂದು ನನ್ನ ಗಿಟಾರ್ ತೂತಿಗೇ ಚುಚ್ಚಿದರು. ನನ್ನದು 12 ಇಂಚಿನ ಗಿಟಾರ್ ಸ್ಪೀಕರ್. 5,000 ಹರ್ಟ್ಸ್ ದಾಟಿದ ಮೇಲೆ ಅದಕ್ಕೆ ದಮ್ಮಿಲ್ಲ. ಗಿಟಾರಿಗೆ ಅದೇ ಚೆಂದ, ಕೀರಲು ಕಿವಿಗೆ ಚುಚ್ಚುವುದಿಲ್ಲ. ಆದರೆ ಮನುಷ್ಯರ ಸಕಾರದ ಜೀವ ಬಹುಪಾಲು, ಶಕಾರದ್ದು ಒಂದು ಪಾಲು ಇರುವುದು ಅಲ್ಲಿಂದ ಮೇಲೆ. ಅವರು ‘ಸಂಕಷ್ಟಿ ಸೇವೆ ಶುರುವಾಗಿದೆ’ ಎಂದರೆ ನಾನು ‘ಅಂಕಟ್ಟಿ ಏವೆ ಉರುವಾಗಿದೆ’ ಎಂದೆ. ಸಮಿತಿಯವರು ಎದ್ದು ಹೋದರು.

ಮೂರನೆಯವರು ಒಬ್ಬ ಅಪ್ಪಯ್ಯ, ಮಗನಿಗೆ ಕೊಡಿಸಲು ಬಂದವರು. ಈ ಸೀಮೆಯಲ್ಲಿ ಸಂಬಂಧ ಕುದುರಿಸುವ ಮುಂಚೆ ದೇವರಲ್ಲಿ ಪ್ರಸಾದ ಕೇಳುವುದು ನಿಮಗೆ ಗೊತ್ತೇ ಇದೆ. ಮೂರ್ತಿಯ ಎರಡೂ ಪಾದಕ್ಕೆ ಒಂದೊಂದು ಚೀಟಿ, ಬಲಪಾದದ್ದು ಮೊದಲು ಬಿದ್ದರೆ ಒಪ್ಪಿಗೆ. ಇವರು ನನ್ನ ವಿಷಯಕ್ಕೂ ಕೇಳಿ ಬಂದಿದ್ದರು, ಬಲಕ್ಕೇ ಆಗಿತ್ತು. ಹಾಗಾಗಿ ಸ್ವಿಚ್ ಹಾಕಿ ನೋಡುವ ಗೋಜಿಗೇ ಹೋಗಲಿಲ್ಲ. ನಾನೇ ಹೇಳಿದೆ: ‘ಅಪ್ಪಯ್ಯ, ದೇವರು ಒಪ್ಪಿದ್ದು ಸಂಬಂಧಕ್ಕೆ. ಫಿಲ್ಟರ್ ಕೆಪಾಸಿಟರಿಗೆ ಅವನು ಗ್ಯಾರಂಟಿ ಬರೆದುಕೊಟ್ಟಿಲ್ಲ.’ ಅಷ್ಟರಲ್ಲಿ ಮಗ ತನಗೆ ಗಿಟಾರ್ ಬೇಡ, ಡ್ರೋನ್ ಬೇಕು ಎಂದ.

ಹಾಗಾದರೆ ನಿಮ್ಮನ್ನು ಪರೀಕ್ಷಿಸುವುದು ಹೇಗೆ?

ಬಂದ ಕೂಡಲೇ ನನ್ನ ತಲೆ ಮುಟ್ಟಿ ನೋಡಿ. ಬಿಸಿ ಇದ್ದರೆ ಅನುಮಾನಿಸಿ, ನೀವು ಬರುತ್ತೀರೆಂದು ಮೊದಲೇ ಕಾಯಿಸಿಟ್ಟಿದ್ದಾರೆ. ತಣ್ಣಗಿದ್ದಾಗಲೇ ಕೊಸರಾಡುವ ರೋಗಗಳು ಕೆಲವು ಉಂಟು. ಮತ್ತೆ ಕೆಲವು ಕಾದ ಮೇಲಷ್ಟೇ ಕಾಣಿಸಿಕೊಳ್ಳುತ್ತವೆ. ಅದಕ್ಕೇ ತಣ್ಣಗಿರುವಾಗ ಹಚ್ಚಿ ಅರ್ಧ ಗಂಟೆ ಬಿಡಬೇಕು. ಆ ಅರ್ಧ ಗಂಟೆ ಕೂರಲು ಯಾರಿಗೂ ಪುರುಸೊತ್ತಿಲ್ಲ, ಪಂಚಕಜ್ಜಾಯದ ಸಾಲಿನಲ್ಲಾದರೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾರೆ.

ಗಿಟಾರ್ ಹಚ್ಚುವ ಮೊದಲು ಏನನ್ನೂ ಬಾರಿಸದೆ ನನ್ನನ್ನು ಕೇಳಿ. ಗುಂಯ್ ಎನ್ನುತ್ತೇನಲ್ಲ, ಅದೇ ನನ್ನ ಜಾತಕ. ನಮ್ಮ ಕರೆಂಟು 50 ಹರ್ಟ್ಸಿನದು. ಗುಂಯ್ 50ರಲ್ಲಿದ್ದರೆ ಅರ್ಥಿಂಗ್ ನೋಡಿ, ವೈರು ನೋಡಿ. 100ರಲ್ಲಿದ್ದರೆ ಪವರ್ ಸಪ್ಲೈಯ ಕೆಪಾಸಿಟರುಗಳಿಗೆ ವಯಸ್ಸಾಗಿದೆ. ಒಮ್ಮೆ ಒಬ್ಬ ಭಾಗವತರು ಅಂಗಡಿಗೆ ಬಂದವರು ಮೀಟರು ಗೀಟರು ಏನಿಲ್ಲದೆ ಒಂದು ಕ್ಷಣ ಕಿವಿ ಕೊಟ್ಟು ‘ಇದು ಬಿಳಿ ಐದಕ್ಕಿಂತ ಒಂದು ಕೂದಲು ಮೇಲೆ ಹಾಡ್ತಾ ಇದೆ’ ಎಂದರು. ಸರಿಯೇ ಹೇಳಿದರು, 49 ಹರ್ಟ್ಸ್ ಬಿಳಿ ಐದು. ಸ್ಥಾಯಿ ಕೆಳಗಿನದೋ ಮೇಲಿನದೋ ಎಂದು ಕೇಳಿಕೊಂಡರೆ 50ರ ಕಾಯಿಲೆಯೋ 100ರದೋ ಎಂಬುದೂ ತಿಳಿಯಿತು. ನನ್ನನ್ನು ಕೊಳ್ಳಲು ಯೋಗ್ಯರಾದವರು ಅವರೊಬ್ಬರೇ. ಅವರಿಗೆ ಬೇಕಿದ್ದದ್ದು ಹತ್ತು ಕುರ್ಚಿ.

ಆಮೇಲೆ?

ಒಂದೊಂದೇ ಗುಬ್ಬಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕರಕರ ಎಂದರೆ ಒಳಗೆ ಕೊಳೆ. ಹೊನ್ನಾವರದ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ, ಜೊತೆಗೆ ಕಡಲಿನ ಉಪ್ಪುಗಾಳಿ. ಇಲ್ಲಿ ಅಪ್ಪೆಮಿಡಿಯಾದರೂ ಭರಣಿಯಲ್ಲಿ ಭದ್ರ, ನಮಗೆ ಆ ಭಾಗ್ಯವಿಲ್ಲ. ವಾಲ್ವನ್ನು ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ‘ಟಿಂಯ್’ ಎಂದು ಗಂಟೆ ಹೊಡೆದಂತೆ ಕೇಳಿದರೆ ಅದು ಮೈಕಿನ ಬುದ್ಧಿ ಕಲಿತಿದೆ, ಬದಲಾಯಿಸಿ. ಪ್ರೀಆಂಪಿನ ವಾಲ್ವ್ ಬದಲಾಯಿಸುವುದು ಬಲ್ಬು ಹಾಕುವಷ್ಟೇ ಸುಲಭ, ಬಯಾಸ್ ಹೊಂದಿಸುವ, ಅಂದರೆ ಒಳಗಿನ ಕರೆಂಟು ಅಳೆದು ಕೂರಿಸುವ ಕಷ್ಟವಿಲ್ಲ. ಪವರ್ ವಾಲ್ವಿನ ನೆಂಟರಿಗೆ ಮಾತ್ರ ಅದು ಬೇಕು.

ಇನ್ನೊಂದು ಗುಟ್ಟು. ದನಿ ಬಂದು ಬಂದು ಹೋಗುತ್ತಿದ್ದರೆ ‘ಬೋರ್ಡು ಹೋಗಿದೆ’ ಎಂದು ಮೆಕ್ಯಾನಿಕ್ ತಲೆ ಆಡಿಸುತ್ತಾನೆ. ನನ್ನ ಬೆನ್ನಲ್ಲಿ ‘ಸೆಂಡ್’, ‘ರಿಟರ್ನ್’ ಎಂದು ಎರಡು ತೂತುಗಳಿವೆ. ಒಂದು ಗೇಣುದ್ದದ ವೈರಿನಿಂದ ಎರಡನ್ನೂ ಸೇರಿಸಿ. ದನಿ ನೆಟ್ಟಗಾದರೆ ಬೋರ್ಡು ಗಟ್ಟಿಯಾಗಿದೆ, ಕಿಲುಬು ಹಿಡಿದದ್ದು ತೂತಿನ ಒಳಗಿನ ತಗಡು ಮಾತ್ರ. ಗಿಟಾರನ್ನು ನೇರ ರಿಟರ್ನಿಗೆ ಕೊಟ್ಟರೆ ಮುಂಭಾಗ ಪೂರ್ತಿ ಬಿಟ್ಟುಹೋಗುತ್ತದೆ. ರೋಗ ಗಾಜಿನ ಬದಿಗೋ ಸಿಲಿಕಾನಿನ ಬದಿಗೋ ಎಂದು ಹೀಗೆ ಪಾಲು ಮಾಡಬಹುದು. ಪಾಲುಪಟ್ಟಿ ಇಷ್ಟು ಸಲೀಸಾಗಿ ಮುಗಿಯುವುದು ಹೊನ್ನಾವರ ತಾಲೂಕಿನಲ್ಲಿ ನನ್ನೊಬ್ಬನದೇ ಇರಬೇಕು.

ವಾಲ್ವ್ ಬಿಟ್ಟರೆ ಒಳಗಿನ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ. ಅಮೆರಿಕದಿಂದ ಬಂದದ್ದು ಎಂದು ಹೆಮ್ಮೆಯಿಂದ ಹೇಳಿದರೆ ಬೆನ್ನ ಮೇಲೆ 120 ವೋಲ್ಟ್ ಎಂದು ಬರೆದಿದೆಯೋ ನೋಡಿ. ಅದನ್ನು ನಮ್ಮ 230ಕ್ಕೆ ಚುಚ್ಚಿದರೆ ಹೆಮ್ಮೆಯ ಹೊಗೆ ಬರುತ್ತದೆ.

ಬದಲಿ ವಾಲ್ವ್ ಎಲ್ಲಿ ಸಿಗುತ್ತದೆ?

ರಷ್ಯಾ, ಚೀನಾ, ಸ್ಲೊವಾಕಿಯಾ ಕಡೆಯದು ಬರುತ್ತದೆ. ಒಂದು ಕಾಲಕ್ಕೆ ಜಾಲಹಳ್ಳಿಯ ಬಿಇಎಲ್‌ನಲ್ಲೇ ಆಗುತ್ತಿತ್ತು, 1961ರಿಂದ ಅವರು ರೇಡಿಯೋ ವಾಲ್ವ್ ಮಾಡಿದರು. ಮರುವರ್ಷವೇ ಸಿಲಿಕಾನಿನ ದಾಯಾದಿ ಜರ್ಮೇನಿಯಂ ಅರೆವಾಹಕವನ್ನೂ ಮಾಡತೊಡಗಿದರು. ಅಂದರೆ ನನ್ನ ತಾಯಿ ತಂದೆ ಇಬ್ಬರ ಕಡೆಯವರೂ ಬೆಂಗಳೂರಿನ ಒಂದೇ ಕಾಂಪೌಂಡಿನಲ್ಲಿ ಇದ್ದರು. ಈಗ ಆ ಕಾಲದ ಬಿಇಎಲ್ ವಾಲ್ವನ್ನು ವಿದೇಶದಲ್ಲಿ ಹುಡುಕಿ ಹುಡುಕಿ ಕೊಳ್ಳುವವರಿದ್ದಾರೆ. ನಮ್ಮವರು ಅಂಥದ್ದನ್ನೆಲ್ಲ ಹಳೇ ರೇಡಿಯೋ ಸಮೇತ ಗುಜರಿಗೆ ತೂಗಿದರು.

ಇಲ್ಲಿಗೆ ಬಂದು ಯಕ್ಷಗಾನ ನೋಡಿದಿರಾ?

ನೋಡದೆ ಉಂಟೇ? ಇದೇ ದೇವರ ಹೆಸರಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮಂಡಳಿ ಕಟ್ಟಿದ ಸೀಮೆ ಇದು. ನನ್ನನ್ನು ಒಂದು ಬಯಲಾಟಕ್ಕೆ ಹೊತ್ತುಕೊಂಡು ಹೋಗಿ ಚಂಡೆಯ ಪಕ್ಕ ಇಟ್ಟರು. ಎರಡು ಕೋಲು, ಬಿಗಿದ ಚರ್ಮ. ಪ್ಲಗ್ ಇಲ್ಲ, ಫ್ಯೂಸ್ ಇಲ್ಲ, ದನಿ ಆಚೆ ಗುಡ್ಡಕ್ಕೆ. ನನ್ನ 80 ವ್ಯಾಟಿನ ಜಂಬ ಅಂದೇ ಇಳಿಯಿತು. ತಮಾಷೆಯೆಂದರೆ ಈಗ ಆ ಚಂಡೆಗೂ ಮೈಕು ಹಿಡಿಯುತ್ತಾರೆ. ಅದು ಭಾಗವತರನ್ನು ಮುಳುಗಿಸುತ್ತದೆ ಎಂದು ಭಾಗವತರ ಮೈಕು ಏರಿಸುತ್ತಾರೆ, ಮದ್ದಳೆಯವರು ಸಿಟ್ಟಾಗುತ್ತಾರೆ, ಅವರದ್ದೂ ಏರುತ್ತದೆ. ಅಂಗಡಿಯ ಬಾಡಿಗೆಯೂ ಏರುತ್ತದೆ. ನಾನು ಮೈಕಾಸುರನ ವಂಶದವನೇ, ಆದರೂ ನನಗೇ ತಲೆನೋವು.

ಕೊನೆಯದಾಗಿ, 20,000 ನಿಮ್ಮ ಸರಿಯಾದ ಬೆಲೆಯೇ?

ವಾಲ್ವಿಗೆಂದು ಹೆಚ್ಚು ಕೊಡಬೇಡಿ, ಅದು ಬದಲಾಯಿಸುವ ಸಾಮಾನು. ದುಡ್ಡು ಕೊಡುವುದಿದ್ದರೆ ಇಷ್ಟು ವರ್ಷ ಚಕಾರ ಎತ್ತದೆ ದುಡಿದ ಸಿಲಿಕಾನ್ ಬೋರ್ಡಿಗೆ, ಟ್ರಾನ್ಸ್‌ಫಾರ್ಮರಿಗೆ, ಹರಿಯದ ಸ್ಪೀಕರಿಗೆ ಕೊಡಿ. ಬೋರ್ಡು ಸುಟ್ಟರೆ ಅದೇ ಮಾದರಿಯದ್ದು ಸಿಗುವುದು ದುರ್ಲಭ. ಆದರೆ ಬೋರ್ಡು ಹೊಳೆಯುವುದಿಲ್ಲ ನೋಡಿ, ಫೋಟೋದಲ್ಲಿ ಚೆಂದ ಬರುವುದಿಲ್ಲ.

ಇಷ್ಟಾಗುವಾಗ ಯಜಮಾನರು ಬಾಯಿ ಒರೆಸಿಕೊಳ್ಳುತ್ತ ಬಂದರು, ಬೆನ್ನಿಗೊಬ್ಬ ಹೊಸ ಗಿರಾಕಿ. ಗಿರಾಕಿ ನಮ್ಮ ಅತಿಥಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲ ತೂತುಗಳನ್ನೂ ಇಣುಕಿ ನೋಡಿ ಕೇಳಿದ:

‘ಇದಕ್ಕೆ ಪೆನ್ ಡ್ರೈವ್ ಹಾಕ್ಲಿಕ್ಕೆ ಆಗ್ತದಾ?’

‘ಆಗ್ದೆ ಏನು?’ ಎಂದರು ಯಜಮಾನರು. ‘ಒಳಗೆ ವಾಲ್ವ್ ಉಂಟು.’