ಕಾಯಂನಿವಾಸಿ ಲಕ್ಷಣ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕು ಅನುಬಂಧಗಳಿರಬೇಕು. ಇವಿಲ್ಲದ ಗ್ರಂಥವನ್ನು ಪಂಡಿತರು ಓದುವುದಿಲ್ಲ. ಇರುವ ಗ್ರಂಥವನ್ನು ಉಳಿದವರು ಓದುವುದಿಲ್ಲ. ಪ್ರಕೃತ ಗ್ರಂಥದ ವಿಷಯ, ಪಳನಿ ಬೆಟ್ಟಗಳ ಮೇಲೆ ಸುಮಾರು 7,000 ಅಡಿ ಎತ್ತರದಲ್ಲಿ, ಒಂದು ಸರೋವರವನ್ನು ಸುತ್ತುಗಟ್ಟಿ ಕೂತಿರುವ ಕೊಡೈಕನಾಲಿನಲ್ಲಿ ವರ್ಷದ ಹನ್ನೆರಡು ತಿಂಗಳೂ ವಾಸ ಮಾಡುವುದು. ಪ್ರಯೋಜನ, ಹಾಗೆ ವಾಸ ಮಾಡುವವರೂ ಇದ್ದಾರೆಂದು ಲೋಕಕ್ಕೆ ಗೊತ್ತಾಗುವುದು. ಅಧಿಕಾರಿ ಎಂದರೆ ಓದುವ ಅರ್ಹತೆಯುಳ್ಳವನು, ಅರ್ಥಾತ್ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳದೆ ಮೇಲೆ ಬಂದವನು. ಸಂಬಂಧವೆಂದರೆ, ಹೋಟೆಲಿನಲ್ಲಿ ರೂಮು ಸಿಗದಿದ್ದಾಗ ಮಾತ್ರ ನೆನಪಾಗುವ ದೂರದ ನೆಂಟಸ್ತಿಕೆ.

ಅಧಿಕರಣ 1: ಊರು ನಿತ್ಯವೋ ಅನಿತ್ಯವೋ?

ಅನಿತ್ಯವೆಂದು ಪೂರ್ವಪಕ್ಷ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಸ್ಲೀಪರ್ ಬಸ್ಸು ಹತ್ತಿದವನು ಶನಿವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಊರಿನ ಸೃಷ್ಟಿ. ಸೈಕಲ್ಲು, ಕುದುರೆ, ಸುಟ್ಟ ಜೋಳಗಳ ಮಧ್ಯೆ ಎರಡು ದಿನ ಅದರ ಸ್ಥಿತಿ. ಭಾನುವಾರ ಸಂಜೆ ಅವನು ಹೋಮ್‌ಮೇಡ್ ಚಾಕಲೇಟಿನ ಪೊಟ್ಟಣ ಹಿಡಿದು ಸೀಟಿನಲ್ಲಿ ಕೂತಾಗ ಲಯ. ಮುಂದಿನ ಶನಿವಾರದವರೆಗೆ ಊರು ಯಾರಿಗೂ ಕಾಣುವುದಿಲ್ಲವಾದ್ದರಿಂದ ಅದು ಇರುವುದೂ ಇಲ್ಲ.

ಈ ವಾದ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ಇಲ್ಲಿ 36,501 ಜನ ಸಿಕ್ಕಿದ್ದಾರೆ. ಗಣತಿಯವರು ರೂಮು ಬುಕ್ ಮಾಡಿದವರನ್ನು ಎಣಿಸುವುದಿಲ್ಲ. ಮಂಗಳವಾರವೂ ಇಲ್ಲಿ ಹಾಲು ಬರುತ್ತದೆ, ಗ್ಯಾಸ್ ಸಿಲಿಂಡರು ಬರುತ್ತದೆ, ಮಕ್ಕಳು ಶಾಲೆಗೆ ತಡವಾಗಿ ಹೋಗುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಬೆಳ್ಳುಳ್ಳಿ ಬೆಳೆಯುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬೆಳ್ಳುಳ್ಳಿ ವಾರಾಂತ್ಯದಲ್ಲಿ ಬೆಳೆಯುವ ಪದಾರ್ಥವಲ್ಲ. ಆದ್ದರಿಂದ ಊರು ನಿತ್ಯ.

ಅಧಿಕರಣ 2: ಕಾಯಂನಿವಾಸಿ ಯಾರು?

'ಊರಿನಲ್ಲಿ ಮನೆಯುಳ್ಳವನು' ಎಂಬುದು ಮೊದಲ ಲಕ್ಷಣ. ಇದಕ್ಕೆ ಅತಿವ್ಯಾಪ್ತಿ ದೋಷವಿದೆ. ಬಂಗಲೆಯ ಯಜಮಾನ ಚೆನ್ನೈಯಲ್ಲಿರುತ್ತಾನೆ. ಇಲ್ಲಿ ಇರುವವನು ವಾಚ್‌ಮನ್. ಯಜಮಾನನಿಗೆ ಮನೆಯಿದೆ ವಾಸವಿಲ್ಲ, ವಾಚ್‌ಮನ್ನಿಗೆ ವಾಸವಿದೆ ಮನೆಯಿಲ್ಲ. 'ಸ್ವೆಟರ್ ಧರಿಸಿದವನು' ಎಂಬುದು ಎರಡನೆಯದು. ಮೇ ತಿಂಗಳ ನಡುಹಗಲಿನಲ್ಲಿ ಮಂಕಿಕ್ಯಾಪು, ಮಫ್ಲರು, ಕೈಗವಸುಗಳಿಂದ ಸರ್ವಾಂಗ ಕವಚಿತನಾದವನು ಪ್ರವಾಸಿಯೇ. ಸ್ಥಳೀಯ ಅಂಗಿ ತೋಳು ಮಡಚಿ ಅವನಿಗೆ ಆ ಮಂಕಿಕ್ಯಾಪನ್ನು ಮಾರುತ್ತಿರುತ್ತಾನೆ. 'ಇಲ್ಲೇ ಹುಟ್ಟಿದವನು' ಎಂಬ ಮೂರನೆಯದಕ್ಕೆ ಅವ್ಯಾಪ್ತಿ ದೋಷ. ಹುಟ್ಟಿದವರು ಕೆಲಸ ಹುಡುಕಿಕೊಂಡು ಬಯಲಿಗೆ ಇಳಿದಿದ್ದಾರೆ. ಬಯಲಿನವರು ಕೆಲಸ ಬಿಟ್ಟು ಮೇಲೆ ಬಂದಿದ್ದಾರೆ.

ನಿರ್ದುಷ್ಟ ಲಕ್ಷಣ ಇದು: ಸರೋವರದ ದಡದಲ್ಲಿದ್ದೂ ದೋಣಿ ಹತ್ತದವನು ಕಾಯಂನಿವಾಸಿ. ನೆಂಟರು ಬಂದಾಗ ಹತ್ತುತ್ತಾನಲ್ಲ ಎಂದರೆ, ಅದು ನೈಮಿತ್ತಿಕ ಕರ್ಮ. ಅದರಿಂದ ಅವನಿಗೆ ಪುಣ್ಯವೂ ಇಲ್ಲ, ಸಂತೋಷವೂ ಇಲ್ಲ. ಪೆಡಲ್ ತುಳಿಯುವ ಕಾಲುನೋವು ಮಾತ್ರ ಉಂಟು.

ಅಧಿಕರಣ 3: ಸರೋವರವು ಸ್ಥಳೀಯವೇ?

ಸ್ಥಳೀಯವೆಂದು ಎಲ್ಲ ಕ್ಯಾಲೆಂಡರುಗಳ ಅಭಿಪ್ರಾಯ. ಇತಿಹಾಸ ಬೇರೆ ಹೇಳುತ್ತದೆ. ಮದುರೆಯ ಬಿಸಿಲಿಗೂ ರೋಗಗಳಿಗೂ ಬೆದರಿದ ಅಮೆರಿಕನ್ ಮಿಷನರಿಗಳು 1845ರಲ್ಲಿ ಇಲ್ಲಿ ಮನೆ ಕಟ್ಟಿದರು. ಆಗ ಇಲ್ಲಿ ಸರೋವರವೇ ಇರಲಿಲ್ಲ. 1863ರಲ್ಲಿ ಮದುರೆಯ ಕಲೆಕ್ಟರ್ ವೇರ್ ಹೆನ್ರಿ ಲೆವಿಂಜ್ ತೊರೆಗೆ ಒಡ್ಡು ಕಟ್ಟಿಸಿ ಜೌಗುನೆಲದಲ್ಲಿ ನೀರು ನಿಲ್ಲಿಸಿದ. ನಕ್ಷತ್ರದ ಆಕಾರವೆಂದು ಹೆಸರಾದ 60 ಎಕರೆಯ ಈ ಜಲರಾಶಿ ಹುಟ್ಟಿದ್ದು ಹಾಗೆ. ತೇಲಿಸಲು ದೋಣಿ ಬೇಕಲ್ಲ, ಅದು ತೂತ್ತುಕುಡಿಯಿಂದ ಬಂತು. ನೀಲಗಿರಿ ಮರ ಆಸ್ಟ್ರೇಲಿಯಾದ್ದು. ಹೀಗೆ ಮರ, ದೋಣಿ, ಬಂಗಲೆ, ಕೊನೆಗೆ ಕೆರೆಯೂ ವಲಸೆ ಬಂದದ್ದೇ. ಇವೆಲ್ಲ ಬರುವ ಮೊದಲಿನಿಂದ ಈ ಕಾಡುಗಳಲ್ಲಿ ಇದ್ದವರು ಪಳಿಯರ್ ಜನ. ನೋಡತಕ್ಕ ಸ್ಥಳಗಳ ಪಟ್ಟಿ ಬರೆದವರಾರೂ ಅವರನ್ನು ಕೇಳಿ ಬರೆದಂತಿಲ್ಲ. ಸಿದ್ಧಾಂತವೇನೆಂದರೆ, ಸೆಕೆ ತಪ್ಪಿಸಿಕೊಳ್ಳಲು ಬಂದು ವಾಪಸು ಬಸ್ಸು ತಪ್ಪಿಸಿಕೊಂಡವರ ಸಂತತಿಯೇ ಇಂದಿನ ಪೌರಸಮೂಹ.

ಅಧಿಕರಣ 4: ಕಾಲನಿರ್ಣಯ

ಪಂಚಾಂಗದ ಆರು ಋತುಗಳು ಇಲ್ಲಿ ಚಲಾವಣೆಯಲ್ಲಿಲ್ಲ. ಇರುವುದು ಎರಡೇ, ಸೀಸನ್ನು ಮತ್ತು ಅಭಾವ. ಏಪ್ರಿಲ್‌ನಿಂದ ಜೂನ್‌ವರೆಗೆ ಸೀಸನ್ನು. ಮೇ ತಿಂಗಳಲ್ಲಿ ಬ್ರಯಂಟ್ ಪಾರ್ಕಿನ ಹೂಪ್ರದರ್ಶನ ಇದರ ಪರ್ವಕಾಲ. ಆಗ ಕಾಯಂನಿವಾಸಿ ತರಕಾರಿಗೆ ಪ್ರವಾಸಿಯ ಬೆಲೆ ಕೊಡುತ್ತಾನೆ. ಅಕ್ಟೋಬರಿನಲ್ಲಿ ಈಶಾನ್ಯ ಮಾರುತ ಬರುತ್ತದೆ. ಘಾಟಿಯ ಮೇಲೆ ಮರ ಉರುಳುತ್ತದೆ, ಕರೆಂಟು ಹೋಗುತ್ತದೆ, ಒಗೆದ ಬಟ್ಟೆ ಒಣಗುವುದನ್ನು ಮನೆಮಂದಿ ಮರೆಯುತ್ತಾರೆ. ಜನವರಿಯ ಬೆಳಗಿನಲ್ಲಿ ಕೆರೆಯ ದಡದ ಹುಲ್ಲು ಹೆಪ್ಪುಗಟ್ಟಿ ಬೆಳ್ಳಗಿರುತ್ತದೆ. ಬಯಲಿನವರು ಅದರ ಫೋಟೋಕ್ಕೆ ಮರುಳಾಗುತ್ತಾರೆ. ಸ್ಥಳೀಯ ಬಾತ್‌ರೂಮಿನ ನಲ್ಲಿಗೆ ಹೆದರುತ್ತಾನೆ. ಇದಕ್ಕಿಂತ ದೊಡ್ಡ ಕಾಲಮಾನವೂ ಒಂದುಂಟು, ಅದು ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯದು. 2006, 2018 ಆದವು, ಮುಂದಿನದು 2030. ಕುರಿಂಜಿ ಎಷ್ಟು ಸಲ ಕಂಡಿರಿ ಎಂದು ಕೇಳಿದರೆ ಇಲ್ಲಿ ವಯಸ್ಸು ಕೇಳಿದಂತೆಯೇ.

ಅಧಿಕರಣ 5: ಜನಸಂದಣಿಯು ಅನರ್ಥವೋ ಪುರುಷಾರ್ಥವೋ?

ಮಂಜು ನೋಡಲು ಜನ ಬರುವ ಈ ಊರಿಗೆ ವಿಜ್ಞಾನಿಗಳು ಸೂರ್ಯನನ್ನು ನೋಡಲು ಬಂದರು. 1899ರಲ್ಲಿ ಸ್ಥಾಪಿತವಾದ ಇಲ್ಲಿನ ಸೌರ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. 1909ರಲ್ಲಿ ಜಾನ್ ಎವರ್‌ಶೆಡ್ ಇಲ್ಲಿಂದಲೇ, ಸೂರ್ಯಕಲೆಗಳ ನಡುವಿನಿಂದ ಅನಿಲ ಅಂಚಿನ ಕಡೆಗೆ ಹರಿಯುವುದನ್ನು ಕಂಡುಹಿಡಿದ. ಭಾನುವಾರ ಸಂಜೆ ಊರಿನ ನಡುವಿನಿಂದ ಕಾರುಗಳು ಅಂಚಿನ ಕಡೆಗೆ ಹರಿಯುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆಂದು ನಮ್ಮ ಪಕ್ಷ. ಆದರೆ ಅನಿಲ ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ಚಲಿಸುತ್ತದೆ. ಕಾರುಗಳ ವಿಷಯದಲ್ಲಿ ಅಷ್ಟು ಹೇಳಲಾಗದು.

ಈ ಹರಿವಿನ ಬಗ್ಗೆ ಕಾಯಂನಿವಾಸಿಯ ಮತ ಎರಡು. ಶನಿವಾರ ಅವನು ಆಸ್ಪತ್ರೆಗೆ ಹೋಗಲು ದಾರಿಯಿಲ್ಲದೆ 'ಇವರೆಲ್ಲ ಯಾಕೆ ಬರುತ್ತಾರೆ' ಎನ್ನುತ್ತಾನೆ. ಬುಧವಾರ ಖಾಲಿ ಅಂಗಡಿಯಲ್ಲಿ ಕೂತು 'ಇವರೆಲ್ಲ ಯಾಕೆ ಬರುವುದಿಲ್ಲ' ಎನ್ನುತ್ತಾನೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂತು. ಮರುವರ್ಷದ ಸೀಸನ್ನಿಗೆ ದಿನಕ್ಕೆ 4,000 ವಾಹನ, ವಾರಾಂತ್ಯದಲ್ಲಿ 6,000 ಎಂಬ ಮಿತಿಯೂ ಬಂತು. ಮಿತಿ ಬೇಕೆಂದವನೂ ಬೇಡವೆಂದವನೂ ಒಂದೇ ಮನೆಯವರು. ಎಷ್ಟೋ ಕಡೆ ಒಬ್ಬನೇ. ಇದು ವಿರೋಧಾಭಾಸವೆಂದು ಬಯಲಿನ ತಾರ್ಕಿಕರು ನಗಬಾರದು. ಲೋಕದ ರಜೆಯೇ ತನ್ನ ಕೆಲಸವಾದವನಿಗೆ ನೆಮ್ಮದಿಯೂ ನಷ್ಟವೂ ಒಂದೇ ದಿನ ಬರುತ್ತವೆ. ಆದ್ದರಿಂದ ಅವನ ಬೈಗುಳ ಸತ್ಯ, ಅವನ ಸ್ವಾಗತವೂ ಸತ್ಯ.

ಫಲಶ್ರುತಿ

ಈ ಮೀಮಾಂಸೆಯನ್ನು ಪ್ರತಿದಿನ ಪಠಿಸುವ ಪ್ರವಾಸಿಗೆ ಕೆರೆಯ ಹತ್ತಿರವೇ ಪಾರ್ಕಿಂಗ್ ಪ್ರಾಪ್ತಿಯಾಗುತ್ತದೆ. ಕೇಳುವವನಿಗೆ ಬಿಸಿನೀರು ಬರುವ ರೂಮು ಸಿಗುತ್ತದೆ. ಬರೆದಿಟ್ಟುಕೊಂಡವನ ಮನೆಗೆ ಮೇ ತಿಂಗಳಲ್ಲಿ ನೆಂಟರು ಬರುವುದಿಲ್ಲ. ಇವು ಮೂರೂ ಫಲಿಸದಿದ್ದರೆ ಪಠಣ ಮಾಡಿದ್ದು ಸೀಸನ್ನಿನಲ್ಲೆಂದು ತಿಳಿಯತಕ್ಕದ್ದು. ಆಗ ಯಾವ ಮಂತ್ರವೂ ಕೆಲಸ ಮಾಡುವುದಿಲ್ಲ.