ಸೆಟ್ಲ್ ಆದ್ನಾ?

ಮದುವೆಮನೆಯಲ್ಲಿ ಎಲೆ ಮುಂದೆ ಕೂತವರು ಕೋಸಂಬರಿ ಬೀಳುವ ಮೊದಲೇ ಕೇಳುವ ಪ್ರಶ್ನೆ: “ಮಗ ಸೆಟ್ಲ್ ಆದ್ನಾ?”

ಕೆಲಸ ಸಿಕ್ಕಿತು ಎಂದರೆ ಮದುವೆ ಯಾವಾಗ ಅನ್ನುತ್ತಾರೆ. ಅದೂ ಆಯಿತೆಂದರೆ ಸೈಟು ತಗೊಂಡನಾ ಅನ್ನುತ್ತಾರೆ. ನಮ್ಮ ದೊಡ್ಡಪ್ಪ ಪೆನ್ಷನ್ ತೆಗೆದುಕೊಳ್ಳುತ್ತಲೇ “ಇನ್ಮೇಲೆ ಮೈಸೂರಲ್ಲಿ ಸೆಟ್ಲ್ ಆಗೋಣ ಅಂತಿದೀನಿ ಕಣೋ” ಎಂದರು. ಇಷ್ಟು ದಿನ ಅವರು ಏನಾಗಿದ್ದರೋ!

ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆಂದಲ್ಲ. ನೆಲೆಯೂರುವುದು ಗೌರವಸ್ಥರಿಗೆ. ಬಿಡಾರ ಹೂಡುವುದು ನಾಟಕ ಕಂಪನಿಗೆ. ಠಿಕಾಣಿಯನ್ನು ಮಾತ್ರ ಯಾವಾಗಲೂ ಬೇರೆಯವರೇ ಹೂಡುತ್ತಾರೆ. “ಭಾವ, ನಿಮ್ಮನೇಲಿ ಠಿಕಾಣಿ ಹೂಡಿದೀನಿ” ಎಂದು ಒಪ್ಪಿಕೊಂಡ ಭಾವಮೈದುನ ಇನ್ನೂ ಹುಟ್ಟಿಲ್ಲ. ಬೀಡು ಬಿಟ್ಟವರು ರಾಜರು. ಹೊಯ್ಸಳರು ದೋರಸಮುದ್ರದಲ್ಲಿ ಕಲ್ಲು ಕಡೆದು ಕೂತಿದ್ದರೂ 14ನೇ ಶತಮಾನದ ದೆಹಲಿ ದಂಡು ಬಂದು ಹೋದ ಮೇಲೆ ಆ ಊರು ಹಳೇಬೀಡಾಯಿತು.

ಹಕ್ಕಿಗಳಲ್ಲಿ ಗೀಜಗನ ಪಾಡು ನಮ್ಮ ಗಂಡುಮಕ್ಕಳದ್ದೇ. ಗಂಡು ಹುಲ್ಲು ಸೀಳಿ ತಂದು ಅರ್ಧ ಗೂಡು ನೇಯ್ದು ಕಾಯಬೇಕು. ಹೆಣ್ಣು ಬಂದು ಒಳಹೊಕ್ಕು ನೋಡುತ್ತದೆ. ಒಪ್ಪಿದರೆ ಮುಂದಿನ ಕೆಲಸ, ಇಲ್ಲವಾದರೆ ಗೂಡು ಅಲ್ಲೇ ಅರೆಬರೆ ನೇತಾಡುತ್ತದೆ. ಕೋಗಿಲೆಗೆ ಈ ತಾಪತ್ರಯವಿಲ್ಲ. ಕಾಗೆಯ ಗೂಡಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಆದರೂ ಹಾಡುಗಾರ್ತಿಯೆಂಬ ಹೆಸರಿಗೇನೂ ಕುಂದಿಲ್ಲ. (ಹಾಡುವುದು ಗಂಡು ಎನ್ನುವುದು ಬೇರೆ ಮಾತು.)

ನನ್ನ ಮಟ್ಟಿಗೆ ಸೆಟ್ಲ್ ಆಗುವುದೇನೆಂದು ಸರಿಯಾಗಿ ಬಲ್ಲದ್ದು ರೇಷ್ಮೆ ಹುಳು. ಹಿಪ್ಪುನೇರಳೆ ಸೊಪ್ಪು ಮೇಯುತ್ತ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರವೆಂದರೆ ಪೊರೆ ಬಿಡುವುದು, ಮಾತ್ರೆ ಬೇಡ. ಆಮೇಲೆ ಹಣ್ಣಾಗಿ ಚಂದ್ರಿಕೆ ಎಂಬ ತಟ್ಟೆ ಏರಿ ಎರಡು ಮೂರು ದಿನದಲ್ಲಿ ತನ್ನ ಸುತ್ತ ತಾನೇ ಗೂಡು ಸುತ್ತಿಕೊಳ್ಳುತ್ತದೆ. ಮನೆಯೂ ಆಯಿತು, ಬಾಡಿಗೆಯೂ ಇಲ್ಲ. ಬಂಧುಗಳಿದ್ದಿದ್ದರೆ ಸಂತೋಷಪಡುತ್ತಿದ್ದರು. ಅಷ್ಟರಲ್ಲಿ ರೈತ ಆ ಗೂಡನ್ನು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊರಟಿರುತ್ತಾನೆ. ಅಲ್ಲಿ ಹರಾಜು, ಅಲ್ಲಿಂದ ರೀಲರ್‌ನ ಬಿಸಿನೀರು.

ಗೂಡು ತೂತು ಮಾಡಿಕೊಂಡು ಚಿಟ್ಟೆ ಹೊರಗೆ ಬಂದರೆ ಅದರ ಎಳೆ ಬಿಚ್ಚಲು ಬರುವುದಿಲ್ಲ. ಅಂಥ ಗೂಡಿಗೆ ಬೆಲೆ ಕಮ್ಮಿ.