ಫ್ರೆಂಚ್ ಮೀಮಾಂಸೆ: ಗಾಂಧಿಬಜಾರ್ ಪಾಠಾಂತರ

ಅನುಬಂಧ ಚತುಷ್ಟಯವಿಲ್ಲದೆ ಯಾವ ಶಾಸ್ತ್ರಗ್ರಂಥವೂ ಆರಂಭವಾಗಕೂಡದೆಂಬುದು ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನ ಹತ್ತಿರ ಬಸ್ಸಿಗೆ ಕಾದವರಿಗೂ ತಿಳಿದ ವಿಷಯ. ಮೊದಲು ಅದನ್ನು ಮುಗಿಸೋಣ.

ಅಧಿಕಾರಿ: ಅಂಕ ಚೆನ್ನಾಗಿ ಬೀಳುತ್ತದೆಂದು ಪಿಯುಸಿಯಲ್ಲಿ ಫ್ರೆಂಚ್ ಹಿಡಿದು, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಅಲೆದು, ಕೊನೆಗೆ ಅಂಕವನ್ನು ಮರೆತು ಫ್ರೆಂಚನ್ನೇ ಮೆಚ್ಚಿಬಿಟ್ಟ ಬಸವನಗುಡಿಯ ಹುಡುಗಿ ಅಥವಾ ಮಲ್ಲೇಶ್ವರದ ಹುಡುಗ. ಇಂಜಿನಿಯರಿಂಗ್ ಸೀಟು ಸಿಕ್ಕವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ವಿಷಯ: ಎಂ.ಎ.ಗೆ ಸಾಹಿತ್ಯವೋ, ಭಾಷಾವಿಜ್ಞಾನವೋ?

ಸಂಬಂಧ: ಗ್ರಂಥಕ್ಕೂ ವಿಷಯಕ್ಕೂ ಪ್ರತಿಪಾದಕ-ಪ್ರತಿಪಾದ್ಯ ಸಂಬಂಧ. ವಿದ್ಯಾರ್ಥಿಗೂ ವಿಷಯಕ್ಕೂ ನಡುವೆ ಇರುವವರು ಸಂಬಂಧಿಕರು.

ಪ್ರಯೋಜನ: ಎಲ್ಲರೂ ಕೇಳುವುದು ಇದೊಂದನ್ನೇ. ಆದ್ದರಿಂದ ಕಡೆಯಲ್ಲಿ ಹೇಳಲಾಗುವುದು.

ಇನ್ನು ಪೂರ್ವಪಕ್ಷ. ಸಾಹಿತ್ಯಶಾಖೆಯ ಪೀಠ ಗಾಂಧಿಬಜಾರ್. ವಿದ್ಯಾರ್ಥಿ ಭವನ 1943ರಲ್ಲಿ ತೆರೆದಂದಿನಿಂದ ಅಲ್ಲಿ ದೋಸೆಗೆ ಕಾಯುತ್ತ ನಿಂತವರಲ್ಲಿ ಸಾಹಿತಿಯಾಗದೆ ಉಳಿದವರು ವಿರಳ ಎಂಬುದು ಇವರ ಅನುಮಾನ ಪ್ರಮಾಣ. ಮೋಲಿಯೇರನ ‘ತಾರ್ತ್ಯುಫ್’ ಎ.ಎನ್. ಮೂರ್ತಿರಾಯರ ಕೈಯಲ್ಲಿ ‘ಆಷಾಢಭೂತಿ’ಯಾದ ಮೇಲೆ ಫ್ರೆಂಚ್ ಸಾಹಿತ್ಯ ನಮ್ಮ ಮನೆಯದೇ ಎನ್ನುತ್ತಾರೆ. ಕಪಟ ಭಕ್ತರ ವಿಚಾರದಲ್ಲಿ ಬುಲ್ ಟೆಂಪಲ್ ರಸ್ತೆಯವರು ಪ್ಯಾರಿಸ್ಸಿನಿಂದ ಕಲಿಯಬೇಕಾದ್ದೇನೂ ಇರಲಿಲ್ಲವೆಂಬ ಆಕ್ಷೇಪವನ್ನು ಇವರು ಲಕ್ಷಿಸುವುದಿಲ್ಲ.

ಭಾಷಾವಿಜ್ಞಾನಶಾಖೆಯ ಪೀಠ ಚಾಮರಾಜಪೇಟೆ. ಇವರ ಆಚಾರ್ಯ ಜಿನೀವಾದ ಸೊಸ್ಯೂರ್. ಆತ ಹುಟ್ಟಿದ್ದು 1857ರಲ್ಲಿ. ಫ್ಲೊಬೇರನ ‘ಮದಾಂ ಬೊವಾರಿ’ ಪುಸ್ತಕವಾಗಿ ಹೊರಬಂದದ್ದೂ ಅದೇ ವರ್ಷ. ಒಂದೇ ಸಂವತ್ಸರದಲ್ಲಿ ಹುಟ್ಟಿಯೂ ಇವರಿಬ್ಬರಿಗೆ ಕೂಡಿಬರಲಿಲ್ಲವೇಕೆಂಬ ಬಗ್ಗೆ ಮಲ್ಲೇಶ್ವರದ ಜ್ಯೋತಿಷಿಗಳು ಮೌನ. ಸೊಸ್ಯೂರನ ಹೆಸರು ಹೊತ್ತ ಮಹಾಗ್ರಂಥವನ್ನು ಆತ ಬರೆಯಲೇ ಇಲ್ಲ. ಆತ ತೀರಿಕೊಂಡ ಮೂರು ವರ್ಷಕ್ಕೆ, 1916ರಲ್ಲಿ, ವಿದ್ಯಾರ್ಥಿಗಳ ನೋಟ್ಸ್ ಕೂಡಿಸಿ ಸಹೋದ್ಯೋಗಿಗಳಿಬ್ಬರು ಅಚ್ಚು ಹಾಕಿಸಿದರು. ನೋಟ್ಸಿನ ಬಲದಿಂದ ಪಾಸಾಗುವುದು ನಮ್ಮೂರಲ್ಲಿ ಹೊಸದೇನಲ್ಲ. ನೋಟ್ಸಿನ ಬಲದಿಂದ ಮೇಷ್ಟ್ರೇ ಪಾಸಾದ ನಿದರ್ಶನ ಮಾತ್ರ ಇದೊಂದೇ.

ಈ ಕಲಹ ಹೊಸದೆಂದು ಭಾವಿಸುವವರು 13ನೆಯ ಶತಮಾನದ ಒಂದು ಕನ್ನಡ ಕುಟುಂಬವನ್ನು ನೋಡಬೇಕು. ತಂದೆ ಮಲ್ಲಿಕಾರ್ಜುನ, ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ ‘ಸೂಕ್ತಿಸುಧಾರ್ಣವ’ ಕಟ್ಟಿದವನು. ಸೋದರಮಾವ ‘ಯಶೋಧರ ಚರಿತೆ’ಯ ಜನ್ನ. ತಾಯಿಯ ತಂದೆ ಸುಮನೋಬಾಣನೂ ಕವಿ. ಇಂಥ ಮನೆಯ ಹುಡುಗ ಕೇಶಿರಾಜ ವ್ಯಾಕರಣಕ್ಕೆ ಹೋದ. “ಸ್ಕೋಪ್ ಇದ್ಯೇನೋ ಅದಕ್ಕೆ?” ಎಂದು ಜನ್ನ ಕೇಳಿದ್ದಕ್ಕೆ ಶಾಸನಾಧಾರವಿಲ್ಲ, ಸೋದರಮಾವನಾದ್ದರಿಂದ ಕೇಳಿರಲೇಬೇಕೆಂದು ಊಹಿಸಬಹುದು. ಕೇಶಿರಾಜ ತಾನು ಬರೆದೆನೆಂದ ಕಾವ್ಯಗಳು ನಮಗೆ ಸಿಕ್ಕಿಲ್ಲ, ‘ಶಬ್ದಮಣಿದರ್ಪಣ’ ಉಳಿದಿದೆ. ಗೆದ್ದೆವೆಂದು ಭಾಷಾವಿಜ್ಞಾನದವರು ಹಿಗ್ಗುವಷ್ಟರಲ್ಲಿ ಸಾಹಿತ್ಯದವರು ಪುಟ ತಿರುವಿ ತೋರಿಸುತ್ತಾರೆ: ಅದರಲ್ಲಿ ಸೂತ್ರಸೂತ್ರಕ್ಕೂ ಉದಾಹರಣೆ ಒದಗಿಸಿರುವುದು ಕವಿಗಳು. ಫ್ರೆಂಚರಲ್ಲೂ ಇದೇ ಕಥೆ. ಮೋಲಿಯೇರನ 1670ರ ಒಂದು ನಾಟಕದಲ್ಲಿ ಸಾಹುಕಾರನೊಬ್ಬ ಮೇಷ್ಟ್ರನ್ನಿಟ್ಟುಕೊಂಡು, ಯಾವ ಸ್ವರಕ್ಕೆ ಬಾಯಿ ಎಷ್ಟು ತೆರೆಯಬೇಕೆಂದು ಕಲಿಯುತ್ತಾನೆ. ಅದು ಧ್ವನಿಶಾಸ್ತ್ರವೆಂದು ಒಬ್ಬರು, ಪ್ರಹಸನವೆಂದು ಇನ್ನೊಬ್ಬರು. ಟಿಕೆಟ್ ಒಂದೇ.

ಈಗ ಬಾಕಿಯಿದ್ದ ಪ್ರಯೋಜನ. ಸತ್ಯನಾರಾಯಣ ಪೂಜೆಯ ಪ್ರಸಾದ ಹಂಚಿದ ಮೇಲೆ ಬಂಧುಸಭೆ ಕೂಡುತ್ತದೆ. “ಸಾಹಿತ್ಯ ಓದಿ ಏನ್ ಮಾಡ್ತೀಯೇ ಪುಟ್ಟಿ?” ಎಂದು ಅತ್ತೆ. “ಲಿಂಗ್ವಿಸ್ಟಿಕ್ಸಾ? ಹಾಗಾದ್ರೆ ಎಷ್ಟು ಭಾಷೆ ಬರತ್ತೆ ನಿಂಗೆ?” ಎಂದು ದೊಡ್ಡಪ್ಪ. ಇಬ್ಬರಿಗೂ ಉತ್ತರ ಹೊರವರ್ತುಲ ರಸ್ತೆಯಲ್ಲಿದೆ. ಅಲ್ಲಿನ ಕಂಪನಿಗಳಲ್ಲಿ ಫ್ರೆಂಚ್ ಬಲ್ಲವರಿಗೆ ಕೆಲಸ ಉಂಟು. ಅವರು ನೋಡುವುದು ಬಿ2 ಮಟ್ಟದ ಪ್ರಮಾಣಪತ್ರ; ಬೊವಾರಿಯ ಕಷ್ಟಸುಖವಾಗಲಿ ಸೊಸ್ಯೂರನ ಸಂಜ್ಞೆಯಾಗಲಿ ಸಂದರ್ಶನದಲ್ಲಿ ಬರುವುದಿಲ್ಲ. ಆದಕಾರಣ ಎರಡು ಶಾಖೆಗಳೂ ಸಮಾನವಾಗಿ ನಿಷ್ಪ್ರಯೋಜಕ. ಇದೇ ನಮ್ಮ ಸಿದ್ಧಾಂತ, ಇದೇ ಶುಭವಾರ್ತೆ. ಲಾಭವೆರಡೂ ಕಡೆ ಸೊನ್ನೆಯಾದಾಗ ತಕ್ಕಡಿಯಲ್ಲಿ ಉಳಿಯುವುದು ಇಷ್ಟವೊಂದೇ. ಇಂಥ ಸ್ವಾತಂತ್ರ್ಯ ಕಂಪ್ಯೂಟರ್ ಸೈನ್ಸಿನವರಿಗೆ ಇಲ್ಲ.

ಆರಿಸುವ ವಿಧಾನವನ್ನೂ ಸೊಸ್ಯೂರನೇ ತೋರಿಸಿಕೊಟ್ಟಿದ್ದಾನೆ. 1881ರಲ್ಲಿ ಅಚ್ಚಾದ ಆತನ ಡಾಕ್ಟರೇಟ್ ಪ್ರಬಂಧ ಸಂಸ್ಕೃತದ ಷಷ್ಠೀ ವಿಭಕ್ತಿಯ ಒಂದು ವಿಶೇಷ ಪ್ರಯೋಗವನ್ನು ಕುರಿತದ್ದು. ಪಾಣಿನಿ ಅದನ್ನು ಅನಾದರ ತೋರುವ ಸಂದರ್ಭಕ್ಕೆ ವಿಧಿಸಿದ. ಅಳುತ್ತಿರುವವರನ್ನು ಲೆಕ್ಕಿಸದೆ ಒಬ್ಬ ಸನ್ಯಾಸಕ್ಕೆ ಹೊರಟ ಎಂಬುದು ವ್ಯಾಖ್ಯಾನಕಾರರು ಕೊಡುವ ಉದಾಹರಣೆ. ಪ್ರಕೃತಕ್ಕೆ ಅನ್ವಯ: ಅತ್ತೆ ಕೇಳುತ್ತಿರಲು, ದೊಡ್ಡಪ್ಪ ಭಾಷೆ ಎಣಿಸುತ್ತಿರಲು, ಸೋದರಮಾವ ಅಮೆರಿಕಾದಿಂದ ವಾಟ್ಸಾಪ್ ಮಾಡುತ್ತಿರಲು, ಹುಡುಗಿ ಅರ್ಜಿ ತುಂಬಿದಳು. ಯಾವ ಶಾಖೆಗೆ ಎಂದು ವಾಕ್ಯದಲ್ಲಿ ಇಲ್ಲ. ಅದಿಲ್ಲದೆಯೇ ಅನ್ವಯ ಪೂರ್ಣವಾಗಿದೆ.